ಫ್ಲೋರಾ ಅವರ ಗಂಟಲು ಮತ್ತು ಐವತ್ತನೆಯ ವರ್ಷದ ರೆಕಾರ್ಡಿಂಗ್

ಆಗ ನಾನು ಮಲೇಷ್ಯಾದ ನಿಲಾಯ್ ಹತ್ತಿರದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ಪ್ರಾಧ್ಯಾಪಕಿಯಾಗಿದ್ದೆ. ಕೋವಿಡ್ ನಿರ್ಬಂಧಗಳೆಲ್ಲ ತೆರವಾಗಿ, ಜನ ಮತ್ತೆ ಸಂಗೀತ ಕಾರ್ಯಕ್ರಮಗಳಿಗೆ ಮುಗಿಬೀಳತೊಡಗಿದ್ದ ಕಾಲ. ಮಣಿಪಾಲದಲ್ಲಿ ಓದಿ, ಅಲ್ಲೇ ಕೆಲವು ವರ್ಷ ಕಲಿಸಿ, ನಡುವಯಸ್ಸಿನಲ್ಲಿ ಈ ದೇಶಕ್ಕೆ ಬಂದವಳು ನಾನು. ಮೂಗು ಗಂಟಲಿನ ಸಾಮಾನ್ಯ ರೋಗಿಗಳ ಜೊತೆಗೆ ವಾಯ್ಸ್ ಕ್ಲಿನಿಕ್ ಕೂಡ ನಡೆಸುತ್ತಿದ್ದೆ. ಧ್ವನಿಯೇ ಜೀವನೋಪಾಯವಾದವರು, ಅಂದರೆ ಶಿಕ್ಷಕರು, ಮಸೀದಿಯಲ್ಲಿ ಆಜಾನ್ ಕೂಗುವವರು, ದೇವಸ್ಥಾನ ಚರ್ಚುಗಳಲ್ಲಿ ಹಾಡುವವರು, ಕಾಲ್ ಸೆಂಟರಿನವರು, ಅಲ್ಲಿಗೆ ಬರುತ್ತಿದ್ದರು.

ನಮ್ಮ ವಿಭಾಗದವರಿಗೆ ಅಸಹ್ಯ ಅಷ್ಟು ಬೇಗ ಆಗುವುದಿಲ್ಲ. ಕೀವು, ಕಫ, ಕೊಳೆತ ವಾಸನೆ, ಮೂಗಿನೊಳಗೆ ಹುಳು, ಇವೆಲ್ಲ ನೋಡಿ ಕೈ ತೊಳೆದು ಊಟಕ್ಕೆ ಹೋಗುವುದು ನಮಗೆ ಅಭ್ಯಾಸ. ಆದರೂ ನನ್ನ ವೃತ್ತಿಯಲ್ಲಿ ನಿಜಕ್ಕೂ ಅಸಹ್ಯ ಹುಟ್ಟಿಸಿದ ಒಂದು ಪ್ರಕರಣ ಉಂಟು. ಅದರಲ್ಲಿ ಕೀವೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಎಲ್ಲರ ಹೆಸರನ್ನೂ, ಬ್ಯಾಂಡಿನ ಹೆಸರನ್ನೂ ಬದಲಿಸಿದ್ದೇನೆ.

ಆ ದಿನ ಕ್ಲಿನಿಕ್ಕಿಗೆ ಬಂದವರು ಪುಚೊಂಗ್‌ನಲ್ಲಿ ವಾಸವಾಗಿದ್ದ ಮಂಗಳೂರು ಮೂಲದ ಕ್ಯಾಥೊಲಿಕ್ ದಂಪತಿ, ಲ್ಯಾನ್ಸಿ ಮತ್ತು ಫ್ಲೋರಾ. ಲ್ಯಾನ್ಸಿಗೆ ಎಪ್ಪತ್ತು ದಾಟಿತ್ತು. ಬೆಳ್ಳಿ ಕೂದಲನ್ನು ಹಿಂದಕ್ಕೆ ಬಾಚಿ, ಹೂವಿನ ಬಾಟಿಕ್ ಶರ್ಟು ತೊಟ್ಟು, ಕೋಣೆಗೆ ಕಾಲಿಡುವಾಗಲೇ ಎಲ್ಲರೂ ತನ್ನನ್ನು ಗುರುತಿಸಬೇಕು ಎಂಬ ನಿರೀಕ್ಷೆಯಲ್ಲಿ ನಕ್ಕರು. ನರ್ಸ್ ಗುರುತಿಸಿದಳು ಕೂಡ. ಇವರು 'ವೆಲ್ವೆಟ್ ಲಾಲಂಗ್' ಬ್ಯಾಂಡಿನ ನಾಯಕರು, ಸ್ಯಾಕ್ಸೊಫೋನ್ ನುಡಿಸುವವರು. ಪಕ್ಕದಲ್ಲಿ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಕುಳಿತಿದ್ದ ಹೆಂಡತಿ ಅದರ ಹಾಡುಗಾರ್ತಿ.

ಮಲೇಷ್ಯಾದ ಹಳೆ ತಲೆಮಾರಿನವರಿಗೆ ಈ ಬ್ಯಾಂಡಿನ ಪರಿಚಯ ಬೇಕಿಲ್ಲ. ನಮ್ಮವರಿಗಾಗಿ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಕಪ್ಪು ಜನರ ಚರ್ಚುಗಳಿಂದ, ಬೀದಿಗಳಿಂದ ಹುಟ್ಟಿದ ಸೋಲ್ ಮತ್ತು ಫಂಕ್ ಸಂಗೀತ ಎಪ್ಪತ್ತರ ದಶಕದಲ್ಲಿ ಇಲ್ಲಿನ ಹೋಟೆಲುಗಳಲ್ಲೂ ಕ್ಲಬ್ಬುಗಳಲ್ಲೂ ಹುಚ್ಚು ಹಿಡಿಸಿತ್ತು. ಸೋಲ್ ಎಂದರೆ ಎದೆಯಾಳದಿಂದ ಕೂಗಿ ಕರೆಯುವಂಥ ಹಾಡುಗಾರಿಕೆ. ಫಂಕ್ ಎಂದರೆ ಬೇಸ್ ಗಿಟಾರು ಮತ್ತು ಡ್ರಮ್ಮುಗಳು ಸೇರಿ ಕೂತವರ ಕಾಲನ್ನೂ ಕುಣಿಸುವ ತಾಳ. ಇಪೊದಲ್ಲಿ ಹುಟ್ಟಿ ಬೆಳೆದ ಲ್ಯಾನ್ಸಿ ಒಬ್ಬ ತಮಿಳು ಡ್ರಮ್ಮರ್, ಒಬ್ಬ ಮಲಯ್ ಗಿಟಾರಿಸ್ಟ್, ಇಬ್ಬರು ಚೀನೀ ತುತ್ತೂರಿಯವರನ್ನು ಸೇರಿಸಿ ಬ್ಯಾಂಡು ಕಟ್ಟಿದರು. ಮದುವೆಗೆ ಹುಡುಗಿ ನೋಡಲು ಮಂಗಳೂರಿಗೆ ಹೋದಾಗ ಚರ್ಚಿನ ಕ್ವಾಯರಿನಲ್ಲಿ ಫ್ಲೋರಾ ಹಾಡುವುದನ್ನು ಕೇಳಿದರು. ಮದುವೆಯಾದ ಮರುತಿಂಗಳೇ ಆಕೆ ಇಪೊದ ಒಂದು ಕ್ಲಬ್ಬಿನ ವೇದಿಕೆಯ ಮೇಲಿದ್ದರು. ಆಗ ಅವರಿಗೆ ಹತ್ತೊಂಬತ್ತು. ಮುಂದೆ ಸಿಂಗಲ್ ರೆಕಾರ್ಡುಗಳು, ಆಲ್ಬಮ್ಮುಗಳು, ಡಿಸ್ಕೊ ಕಾಲ, ಕ್ಯಾಸೆಟ್ ಕಾಲ, ಕೆಲಸವಿಲ್ಲದೆ ಪ್ರವಾಸಿ ಹಡಗುಗಳಲ್ಲಿ ಹಾಡಿದ ಕಾಲ. ಸದಸ್ಯರು ಬದಲಾದರು, ಕೆಲವರು ತೀರಿಕೊಂಡರು. ಈಚೆಗೆ ಯುರೋಪಿನ ಯಾರೋ ಅವರ ಹಳೆಯ ಆಲ್ಬಮ್ ಒಂದನ್ನು ಮರುಮುದ್ರಿಸಿದ ಮೇಲೆ ಇಪ್ಪತ್ತು ವರ್ಷದ ಹುಡುಗ ಹುಡುಗಿಯರೂ ಅಭಿಮಾನಿಗಳಾದರು. ಮೊದಲಿನವರಲ್ಲಿ ಉಳಿದವರು ಈ ಗಂಡ ಹೆಂಡತಿ ಇಬ್ಬರೇ.

"ಎಂತ ಇಲ್ಲ ಡಾಕ್ಟ್ರೆ, ಇವಳಿಗೆ ಸ್ವಲ್ಪ ಗಂಟಲು ಕಟ್ಟಿದೆ," ಎಂದರು ಲ್ಯಾನ್ಸಿ, ಹೆಂಡತಿಯಿಂದ ಕಲಿತ ಮಂಗಳೂರು ಕನ್ನಡದಲ್ಲಿ. "ಬ್ಯಾಂಡಿಗೆ ಐವತ್ತು ವರ್ಷ ಆಯ್ತು. ಕ್ವಾಲಾಲಂಪುರದಲ್ಲಿ ದೊಡ್ಡ ಪ್ರೋಗ್ರಾಂ ಉಂಟು, ಲೈವ್ ರೆಕಾರ್ಡಿಂಗ್. ಒಂದು ಇಂಜೆಕ್ಷನ್ ಕೊಟ್ರೆ ಸಾಕು."

ಯಾವಾಗ ಶುರುವಾಯಿತು ಎಂದು ನಾನು ಫ್ಲೋರಾ ಅವರನ್ನು ಕೇಳಿದೆ. ಲ್ಯಾನ್ಸಿ ಉತ್ತರಿಸಿದರು. ನುಂಗುವಾಗ ನೋವಿದೆಯೇ ಎಂದು ಕೇಳಿದೆ. ಅದಕ್ಕೂ ಅವರದೇ ಉತ್ತರ. ರೋಗಿಯೇ ಮಾತಾಡಲಿ, ಧ್ವನಿ ಕೇಳುವುದು ಪರೀಕ್ಷೆಯ ಮೊದಲ ಹಂತ ಎಂದು ನಾನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಯಿತು. ಫ್ಲೋರಾ ಬಾಯಿ ತೆರೆದಾಗ ಬಂದದ್ದು ಮುಕ್ಕಾಲು ಗಾಳಿ, ಕಾಲು ಧ್ವನಿ.

ನಮ್ಮಲ್ಲಿ ಸ್ಟ್ರೋಬೊಸ್ಕೋಪಿ ಎಂಬ ಪರೀಕ್ಷೆ ಇದೆ. ಹಾಡುವಾಗ ಧ್ವನಿಪಟಲಗಳು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಕಂಪಿಸುತ್ತವೆ. ಮಿನುಗುವ ಬೆಳಕಿನ ಕ್ಯಾಮೆರಾ ಆ ಕಂಪನವನ್ನು ನಿಧಾನಗತಿಯಲ್ಲಿ ತೆರೆಯ ಮೇಲೆ ತೋರಿಸುತ್ತದೆ. ಆರೋಗ್ಯವಂತ ಪಟಲ ಮುತ್ತಿನ ಬಿಳುಪಿನದು. ಅದರ ಮೇಲೆ ತೆಳುವಾದ ಅಲೆಯೊಂದು ಹರಿಯುತ್ತಿರುತ್ತದೆ. ಫ್ಲೋರಾ ಅವರ ಎಡ ಪಟಲ ಕಡು ಕೆಂಪಾಗಿತ್ತು. ಒಳಗಿನ ಸೂಕ್ಷ್ಮ ರಕ್ತನಾಳ ಒಡೆದು ರಕ್ತ ಹರಡಿಕೊಂಡಿತ್ತು. ನಾವು ಇದನ್ನು ವೋಕಲ್ ಫೋಲ್ಡ್ ಹೆಮರೇಜ್ ಎನ್ನುತ್ತೇವೆ. ಹಾಡುಗಾರರ ಪಾಲಿಗೆ ಇದು ತುರ್ತು ಸ್ಥಿತಿ. ಚಿಕಿತ್ಸೆ ಒಂದೇ: ಸಂಪೂರ್ಣ ಮೌನ. ಹಾಡುವಂತಿಲ್ಲ, ಮಾತಾಡುವಂತಿಲ್ಲ, ಪಿಸುಗುಡುವಂತೆಯೂ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಎರಡೂ ಪಟಲಗಳ ಅಂಚಿನಲ್ಲಿ ಹಳೆಯ ಗಾಯದ ಕಲೆಗಳಿದ್ದವು. ಅಲೆ ಹರಿಯಬೇಕಾದಲ್ಲಿ ಗಟ್ಟಿ ಚರ್ಮ. ಇದು ಒಂದು ಸಲದ ಗಾಯವಲ್ಲ.

"ಈ ಮೊದಲು ಯಾವತ್ತಾದರೂ ಹೀಗೆ ಆಗಿತ್ತಾ? ಇಂಜೆಕ್ಷನ್ ತಗೊಂಡು ಹಾಡಿದ್ರಾ?"

ಫ್ಲೋರಾ ಗಂಡನ ಕಡೆ ನೋಡಿದರು. "ಒಂದೆರಡು ಸಲ ಇರ್ಬಹುದು," ಎಂದರು ಲ್ಯಾನ್ಸಿ, ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಾ.

ಹಳೆಯ ವೈದ್ಯಕೀಯ ವರದಿಗಳು ಯಾವುವೂ ಇರಲಿಲ್ಲ. ಹಾಗಾಗಿ ಬ್ಯಾಂಡಿನ ಎಲ್ಲ ರೆಕಾರ್ಡಿಂಗುಗಳನ್ನೂ ತಂದುಕೊಡಿ ಎಂದೆ. ಹಾಡುಗಾರರ ಹಳೆಯ ಧ್ವನಿಮುದ್ರಣಗಳು ಅವರ ಗಂಟಲಿನ ಇತಿಹಾಸವನ್ನು ಹೇಳಬಲ್ಲವು. ಲ್ಯಾನ್ಸಿಗೆ ಖುಷಿಯೋ ಖುಷಿ. ಮರುದಿನವೇ ಪೆನ್ ಡ್ರೈವ್ ತಲುಪಿಸಿದರು. ಮೊದಲ ಸಿಂಗಲ್‌ನಿಂದ ಈಚಿನ ಕಾರ್ಯಕ್ರಮದವರೆಗೆ ಎಲ್ಲವೂ ಇದ್ದವು, ಕಾಲಾನುಕ್ರಮದಲ್ಲಿ.

ಆ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೆಡ್‌ಫೋನ್ ಹಾಕಿ ಕುಳಿತೆ. ನನಗೆ ಈ ಸಂಗೀತದ ಪರಿಚಯ ಇರಲಿಲ್ಲ. ಆದರೆ ಮೊದಲ ಹಾಡಿನಲ್ಲೇ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಹತ್ತೊಂಬತ್ತರ ಫ್ಲೋರಾ ಮೇಲಿನ ಸ್ವರಕ್ಕೆ ಏಣಿ ಹತ್ತಿ ಹೋಗುತ್ತಿರಲಿಲ್ಲ, ಅಲ್ಲೇ ಮನೆ ಮಾಡಿಕೊಂಡವರ ಹಾಗೆ ಬಾಗಿಲು ತೆರೆದು ಹೊರಬರುತ್ತಿದ್ದರು. ಎರಡನೆಯ, ಮೂರನೆಯ ಆಲ್ಬಮ್ಮುಗಳಲ್ಲೂ ಅದೇ ಧಾರಾಳ. ನಾಲ್ಕನೆಯದರಲ್ಲಿ ನಾನು ಕಿವಿ ನಿಮಿರಿಸಿದೆ. ಪದ ಶುರುವಾಗುವ ಮೊದಲು ಗಾಳಿ ಸೋರುತ್ತಿತ್ತು, ಸ್ವರ ಒಂದು ಕ್ಷಣ ತಡವಾಗಿ ಹುಟ್ಟುತ್ತಿತ್ತು. ಪಟಲಗಳು ಸರಿಯಾಗಿ ಕೂಡುತ್ತಿಲ್ಲ ಎಂಬುದರ ಮೊದಲ ಲಕ್ಷಣ ಅದು. ಪೆನಾಂಗ್‌ನ ಹೋಟೆಲೊಂದರಲ್ಲಿ ಮಾಡಿದ ಲೈವ್ ರೆಕಾರ್ಡಿಂಗ್‌ನಲ್ಲಿ ಧ್ವನಿ ಒಡೆದದ್ದು ಸ್ಪಷ್ಟವಾಗಿ ಕೇಳಿತು.

ಮತ್ತೆ ಮುಂದಿನ ಆಲ್ಬಮ್ಮು. ಅಲ್ಲಿಂದಾಚೆ ನನಗೆ ಕೇಳಿಸಿದ್ದು ಫ್ಲೋರಾ ಅವರ ಧ್ವನಿಗಿಂತ ಹೆಚ್ಚಾಗಿ ಲ್ಯಾನ್ಸಿಯ ಜಾಣತನ. ಹಳೆಯ ಹಾಡುಗಳನ್ನು ಮತ್ತೆ ಹಾಡಿದಲ್ಲೆಲ್ಲ ಶ್ರುತಿ ಒಂದೊಂದೇ ಮೆಟ್ಟಿಲು ಇಳಿದಿತ್ತು. ಆಕೆಯ ಸ್ವರ ಮೇಲೇರಬೇಕಾದ ಕಡೆಗಳಲ್ಲಿ ಸ್ಯಾಕ್ಸೊಫೋನ್ ಬಂದು ಕೂತಿತ್ತು. ಸಾಲಿನ ಕೊನೆಯ ಪದವನ್ನು ಕೋರಸ್ ಹುಡುಗಿಯರು ಎತ್ತಿಕೊಳ್ಳುತ್ತಿದ್ದರು. ಯಾವ ವೈದ್ಯರೂ ಕ್ಯಾಮೆರಾ ಇಳಿಸುವ ಮೊದಲೇ ಈ ಮನುಷ್ಯನಿಗೆ ಎಲ್ಲ ಕೇಳಿಸಿತ್ತು. ಎಲ್ಲಿ ಗಾಯ, ಎಷ್ಟು ಗಾಯ ಎಂದು ನನಗಿಂತ ನಿಖರವಾಗಿ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಗಾಯದ ಸುತ್ತ ಹಾಡು ಕಟ್ಟುತ್ತಾ ದಶಕಗಳ ಕಾಲ ಆಕೆಯನ್ನು ದುಡಿಸಿದ್ದರು. ಹೆಡ್‌ಫೋನ್ ತೆಗೆದಿಟ್ಟ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಮುಂದಿನ ಭೇಟಿಯಲ್ಲಿ ಲ್ಯಾನ್ಸಿಯನ್ನು ಹೊರಗೆ ಕೂರಿಸಿದೆ. ಪರೀಕ್ಷಾ ಕೋಣೆಯೊಳಗೆ ರೋಗಿ ಮಾತ್ರ ಎಂದೆ. ಅವರಿಗೆ ಹಿಡಿಸಲಿಲ್ಲ, ಆದರೂ ಹೋದರು. ಎರಡು ವಾರಗಳ ಮೌನ ಕೆಲಸ ಮಾಡಿತ್ತು, ಕೆಂಪು ಬಹುಪಾಲು ಇಳಿದಿತ್ತು. ಈಗ ಸ್ವಲ್ಪ ಮಾತಾಡಬಹುದು ಎಂದೆ. ಫ್ಲೋರಾ ಮುಚ್ಚಿದ ಬಾಗಿಲಿನ ಕಡೆ ಒಮ್ಮೆ ನೋಡಿದರು.

"ಡಾಕ್ಟ್ರೆ, ಒಂದು ಉಪಕಾರ ಮಾಡ್ತೀರಾ? ಕ್ಯಾನ್ಸರ್ ಉಂಟು ಅಂತ ಇವರಿಗೆ ಹೇಳಿ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಂಗೆ ಹಾಡ್ಲಿಕ್ಕೆ ಮನಸ್ಸಿಲ್ಲ," ಎಂದರು ಆಕೆ. "ಈಗ ಅಂತ ಅಲ್ಲ, ಹಡಗಿನಲ್ಲಿ ಹಾಡ್ತಿದ್ದಾಗಿಂದ ಇಲ್ಲ. ಗಂಟಲು ನೋವು ಅಂದ್ರೆ ಇಂಜೆಕ್ಷನ್ ಅಂತಾರೆ. ಸುಸ್ತು ಅಂದ್ರೆ ಬಿಸಿನೀರು ಕುಡಿ ಅಂತಾರೆ. ಕ್ಯಾನ್ಸರ್ ಅಂದ್ರೆ ಬಿಡ್ತಾರೆ."

ಅಲ್ಲಿಯವರೆಗೆ ನನ್ನ ಬಳಿ ಬಂದವರೆಲ್ಲ ಕ್ಯಾನ್ಸರ್ ಇಲ್ಲ ಎಂದು ಹೇಳಿಸಿಕೊಳ್ಳಲು ಕಾತರಿಸುತ್ತಿದ್ದವರು. ಇಲ್ಲದ ಕ್ಯಾನ್ಸರನ್ನು ಬೇಡಿಕೊಂಡ ಮನುಷ್ಯರನ್ನು ನಾನು ಕಂಡದ್ದು ಅದೇ ಮೊದಲು. ಆಕೆಗೆ ಅಳು ಬರಲಿಲ್ಲ, ನನಗೂ ಬರಲಿಲ್ಲ. ಒಂದು ಮನೆಯೊಳಗೆ ಹೆಂಗಸೊಬ್ಬಳು 'ಇನ್ನು ಸಾಕು' ಎಂದು ಹೇಳಲು ಮಾರಕ ರೋಗದ ಹೆಸರು ಬೇಕಾದ ಸ್ಥಿತಿಯ ಬಗ್ಗೆ ಹೇಸಿಗೆಯಾಯಿತು.

"ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುದಿಲ್ಲ," ಎಂದೆ. "ಆದರೆ ನಿಜ ಏನುಂಟೋ ಅದನ್ನು ನಿಮ್ಮ ಎದುರಿಗೇ ಅವರಿಗೆ ಹೇಳ್ತೇನೆ. ಅದೂ ಕಡಿಮೆ ಏನಲ್ಲ."

ಲ್ಯಾನ್ಸಿಯನ್ನು ಒಳಗೆ ಕರೆದೆ. ತೆರೆಯ ಮೇಲೆ ಕಲೆಗಳನ್ನು ತೋರಿಸಿದೆ. ಇನ್ನೊಂದು ಸಲ ರಕ್ತನಾಳ ಒಡೆದರೆ ಹಾಡು ಹಾಗಿರಲಿ, ಮಾತಾಡುವ ಧ್ವನಿಯೂ ಮೊದಲಿನಂತಾಗದೆ ಹೋಗಬಹುದು ಎಂದೆ. ರೆಕಾರ್ಡಿಂಗುಗಳಲ್ಲಿ ನಾನು ಕೇಳಿದ್ದನ್ನೂ ಹೇಳಿದೆ.

ಅವರು ನಾಚಿಕೊಳ್ಳಬಹುದು ಎಂದುಕೊಂಡಿದ್ದೆ. ಅವರ ಮುಖ ಅರಳಿತು. "ನಿಮ್ಗೆ ಅದು ಗೊತ್ತಾಯ್ತಾ? ಒಳ್ಳೆ ಕಿವಿ ಡಾಕ್ಟ್ರೆ ನಿಮ್ದು. ಇಷ್ಟು ವರ್ಷದಲ್ಲಿ ಒಬ್ಬ ರಿವ್ಯೂ ಬರೆಯುವವನಿಗೂ ಗೊತ್ತಾಗ್ಲಿಲ್ಲ."

"ಗೊತ್ತಿದ್ದೂ ಹಾಡಿಸಿದಿರಿ."

"ಬ್ಯಾಂಡ್ ಅಂದ್ರೆ ಹಾಗೇ ಲಾ," ಎಂದರು, ಮಾತಿನ ಕೊನೆಗೆ ಮಲೇಷ್ಯಾದವರ ರೂಢಿಯ 'ಲಾ' ಸೇರಿಸಿ. "ಡ್ರಮ್ಮರ್‌ಗೆ ಸೊಂಟ ನೋವು, ನಂಗೆ ಹಲ್ಲು ನೋವು. ಎಲ್ಲರೂ ಎಂತದಾದ್ರೂ ಕೊಟ್ಟೇ ನುಡಿಸುದು." ಆಮೇಲೆ ಹೆಂಡತಿಯ ಕಡೆ ತಿರುಗಿ, ಬಹಳ ಮೃದುವಾಗಿ ಕೇಳಿದರು. "ಫ್ಲೋರಾ, ನಿಂಗೆ ಹಾಡ್ಲಿಕ್ಕೆ ಇಷ್ಟ ಇಲ್ವಾ? ಇಲ್ಲ ಅಂತ ಹೇಳು, ಈಗ್ಲೇ ಕ್ಯಾನ್ಸಲ್ ಮಾಡ್ತೇನೆ. ಎಲ್ರಿಗೂ ಫೋನ್ ಮಾಡಿ ಫ್ಲೋರಾಗೆ ಬೇಡವಂತೆ ಅಂತ ಹೇಳ್ತೇನೆ."

ಆ ಮೃದುತ್ವವೇ ಅಸ್ತ್ರ. ಫ್ಲೋರಾ ನೆಲ ನೋಡುತ್ತಾ, "ಇದೊಂದು ಸಲ ಹಾಡ್ತೇನೆ. ಆಮೇಲೆ ಇಲ್ಲ," ಎಂದರು.

"ನೋಡಿ. ಅವಳೇ ಹೇಳಿದ್ದು," ಎಂದರು ಲ್ಯಾನ್ಸಿ ನನಗೆ.

ಸ್ವಂತ ನಿರ್ಧಾರ ಮಾಡಬಲ್ಲ ವಯಸ್ಕ ರೋಗಿ ಒಪ್ಪಿದ ಮೇಲೆ ವೈದ್ಯರ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಕೈಲಾದಷ್ಟು ಅಪಾಯ ತಗ್ಗಿಸುವುದು ಉಳಿಯುತ್ತದೆ. ಕಾರ್ಯಕ್ರಮವನ್ನು ಮುಂದೂಡಿಸಿದೆ. ನಾಲ್ಕೇ ಹಾಡು, ಅದೂ ಶ್ರುತಿ ಇಳಿಸಿ. ಉಳಿದವನ್ನು ಇತರ ಗಾಯಕರು ಹಾಡಬೇಕು. ಅಭ್ಯಾಸದಲ್ಲಿ ಪೂರ್ಣ ಧ್ವನಿ ಬಳಸಬಾರದು. ಸ್ಟಿರಾಯ್ಡ್ ಇಂಜೆಕ್ಷನ್ ಯಾವ ಕಾರಣಕ್ಕೂ ಕೂಡದು. ಲ್ಯಾನ್ಸಿ ಎಲ್ಲಕ್ಕೂ ತಲೆಯಾಡಿಸಿದರು.

ಸ್ಟಿರಾಯ್ಡ್ ಯಾಕೆ ಕೂಡದು ಎಂಬುದನ್ನು ವಿವರಿಸಬೇಕು. ಅದು ಊತ ಇಳಿಸುತ್ತದೆ. ಕೆಲವು ತಾಸುಗಳಲ್ಲಿ ಧ್ವನಿ ಮರಳಿದಂತೆ ಕಾಣುತ್ತದೆ, ಹುಮ್ಮಸ್ಸೂ ಬರುತ್ತದೆ. ಆದರೆ ಒಳಗಿನ ದುರ್ಬಲ ರಕ್ತನಾಳ ದುರ್ಬಲವಾಗಿಯೇ ಇರುತ್ತದೆ. ಊತವಿದ್ದಾಗ ದೇಹ ತಾನಾಗಿಯೇ ಹಾಡುಗಾರರನ್ನು ತಡೆಯುತ್ತದೆ. ಆ ತಡೆಯನ್ನು ತೆಗೆದುಹಾಕಿದರೆ ಅವರು ಗಾಯವಿಲ್ಲದವರಂತೆ ಪೂರ್ಣ ಬಲ ಹಾಕುತ್ತಾರೆ.

ಕಾರ್ಯಕ್ರಮಕ್ಕೆ ಕೆಲವೇ ದಿನ ಇರುವಾಗ ನಮ್ಮ ಆಸ್ಪತ್ರೆಯ ಫೇಸ್‌ಬುಕ್ ಪುಟದಲ್ಲಿ ಒಂದು ಚಿತ್ರ ಬಂತು. ನಮ್ಮದೇ ವಿಭಾಗದ ಡಾ. ಗಿರೀಶ್, ಧಾರವಾಡದ ಕಡೆಯವರು, ಫ್ಲೋರಾ ಮತ್ತು ಲ್ಯಾನ್ಸಿಯ ನಡುವೆ ನಿಂತು ಹೆಬ್ಬೆರಳು ಎತ್ತಿದ್ದರು. 'ದಂತಕಥೆಯ ಧ್ವನಿಯನ್ನು ಮರಳಿ ತಂದ ನಮ್ಮ ವೈದ್ಯರು' ಎಂಬ ಅರ್ಥದ ಇಂಗ್ಲಿಷ್ ಸಾಲು ಕೆಳಗಿತ್ತು. ಜೊತೆಗೆ ಕಾರ್ಯಕ್ರಮದ ಪೋಸ್ಟರು. ಅದರ ಮೂಲೆಯಲ್ಲಿ ಆಸ್ಪತ್ರೆಯ ಲಾಂಛನ, ಅಧಿಕೃತ ಆರೋಗ್ಯ ಪ್ರಾಯೋಜಕರು ಎಂದು.

ಗಿರೀಶ್ ಕ್ಯಾಂಟೀನಿನಲ್ಲಿ ತೆಹ್ ತಾರಿಕ್ ಎಂಬ ನೊರೆ ಚಹಾ ಕುಡಿಯುತ್ತಾ ಕೂತಿದ್ದರು. ಏನು ಕೊಟ್ಟಿರಿ ಎಂದು ಕೇಳಿದೆ. ಮುಚ್ಚಿಡಲಿಲ್ಲ. ಡೆಕ್ಸಾಮೆಥಸೋನ್, ಈಗಾಗಲೇ ಕೊಟ್ಟಾಗಿದೆ, ಕಾರ್ಯಕ್ರಮದ ದಿನ ಬೆಳಿಗ್ಗೆ ಇನ್ನೊಂದು.

"ನನ್ನ ನೋಟ್ಸ್ ಓದಿದಿರಾ? ಹೆಮರೇಜ್ ಆಗಿದ್ದ ಪೇಷೆಂಟ್."

"ಓದೀನ್ರೀ ಮೇಡಂ. ಈಗ ವಾಸಿ ಆಗೇದಲ್ಲ. ಅವ್ರೇ ಬಂದು ಕೇಳಿದ್ರು, ಕನ್ಸೆಂಟ್‌ಗೆ ಸಹೀನೂ ಮಾಡ್ಯಾರ. ನಾ ಕೊಡಲಿಲ್ಲಂದ್ರ ಇನ್ನೊಬ್ಬಾಂವ ಕೊಡ್ತಾನ್ರೀ."

"ಯಾರು ಬಂದು ಕೇಳಿದ್ದು? ಫ್ಲೋರಾ ಬಾಯಿ ಬಿಟ್ಟು ಕೇಳಿದ್ರಾ?"

ಅವರು ಲೋಟ ತಿರುಗಿಸುತ್ತಾ ಸ್ವಲ್ಪ ಯೋಚಿಸಿದರು. "ಲ್ಯಾನ್ಸಿ ಸರ್ ಮಾತಾಡಿದ್ರು. ಆದ್ರ ಅವ್ರೂ ಅಲ್ಲೇ ಕೂತಿದ್ರಲ್ರೀ."

ಗಿರೀಶ್ ದಡ್ಡರಲ್ಲ, ಕೈಚಳಕವಿಲ್ಲದ ಸರ್ಜನ್ನೂ ಅಲ್ಲ. ವಿದ್ಯಾರ್ಥಿಗಳಿಗೆ ಇದೇ ಪಾಠವನ್ನು ನನ್ನಷ್ಟೇ ಚೆನ್ನಾಗಿ ಮಾಡುತ್ತಿದ್ದವರು. ಹೆಸರಾಂತರ ಪಕ್ಕದಲ್ಲಿ ನಿಂತ ಒಂದು ಫೋಟೊಗಾಗಿ ಕಲಿತದ್ದನ್ನೆಲ್ಲ ಪಕ್ಕಕ್ಕಿಟ್ಟು, ನಡುವೆ ಕರಿಪಫ್ ಕಚ್ಚುತ್ತಾ ಅದನ್ನು ಸಮರ್ಥಿಸುವ ರೀತಿ ನೋಡಿ ಅವರ ಎದುರು ಕೂರಲಾಗಲಿಲ್ಲ.

ಡೀನ್ ಬಳಿ ಹೋದೆ. ಅವರು ಸ್ಥಳೀಯರು, ಸಭ್ಯರು. ಎಲ್ಲವನ್ನೂ ಕೇಳಿಸಿಕೊಂಡು, "ಪ್ರೊಫೆಸರ್, ಡೋಂಟ್ ಬಿ ಸೋ ಸೀರಿಯಸ್ ಲಾ," ಎಂದರು. ಪ್ರಾಯೋಜಕತ್ವದ ನಿರ್ಧಾರ ಮೇಲಿನಿಂದ ಬಂದದ್ದು, ರೋಗಿ ಸಹಿ ಹಾಕಿದ್ದಾರೆ, ದೂರು ಕೊಡುವುದಾದರೆ ಬರಹದಲ್ಲಿ ಕೊಡಿ, ಕಾರ್ಯಕ್ರಮ ಮುಗಿದ ಮೇಲೆ ನೋಡೋಣ ಎಂದರು. ಅಂದೇ ಬರೆದು ಕೊಟ್ಟೆ. ಫ್ಲೋರಾ ಅವರಿಗೆ ಫೋನ್ ಮಾಡಿದಾಗ ಎತ್ತಿದವರು ಲ್ಯಾನ್ಸಿ. ಕೊನೆಗೆ ಅವರ ಮಗಳು ಶೆರಿಲ್‌ಳ ನಂಬರು ಹುಡುಕಿದೆ. ಆಕೆ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ಸೆಮಿಕಂಡಕ್ಟರ್ ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಯಿತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬಂತು.

"ಐ ನೋ, ಡಾಕ್ಟರ್. ಚಿಕ್ಕಂದಿನಿಂದ ನೋಡ್ತಾ ಇದ್ದೇನೆ," ಎಂಬ ಅರ್ಥದಲ್ಲಿ ಏನೋ ಹೇಳಿ, ಕೊನೆಗೆ ಸೇರಿಸಿದಳು. "ಟು ಹಿಮ್, ಮಮ್ಮಿ ಈಸ್ ಎ ಟ್ರಂಪೆಟ್."

ಆಕೆ ವಿಮಾನ ಹತ್ತಿ ಬಂದು ತಾಯಿಯ ಜೊತೆ ಮಾತಾಡಿದಳು. ಫಲ ಸಿಗಲಿಲ್ಲ. ಟಿಕೆಟುಗಳೆಲ್ಲ ಮುಗಿದಿವೆ, ಹುಡುಗರೆಲ್ಲ ಅಭ್ಯಾಸ ಮಾಡಿದ್ದಾರೆ, ಇದೊಂದು ಸಲ ಎಂದರಂತೆ ಫ್ಲೋರಾ. ಕಾರ್ಯಕ್ರಮಕ್ಕೆ ನಾನೂ ಬರಬೇಕೆಂದು ಮಗಳ ಕೈಲಿ ಹೇಳಿಕಳಿಸಿದರು.

ವಯಸ್ಸಾದ ಅಭಿಮಾನಿಗಳಿಗೆ ಅನುಕೂಲವಾಗಲಿ ಎಂದು ಕಾರ್ಯಕ್ರಮವನ್ನು ಭಾನುವಾರ ಮಧ್ಯಾಹ್ನ ಇಟ್ಟಿದ್ದರು. ನಾನು ಶೆರಿಲ್ ಜೊತೆ ಬದಿಯ ಸಾಲಿನಲ್ಲಿ ಕುಳಿತೆ. ನಾಲ್ಕು ಹಾಡಿನ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಐದನೆಯ ಹಾಡೂ ಫ್ಲೋರಾ ಅವರದೇ, ಆರನೆಯದೂ. ಧ್ವನಿ ಮಾತ್ರ ಅದ್ಭುತವಾಗಿತ್ತು. ಇಂಜೆಕ್ಷನ್ನಿನ ಆ ಅದ್ಭುತವನ್ನು ಗುರುತಿಸುವಷ್ಟು ತರಬೇತಿ ನನ್ನ ಕಿವಿಗಿತ್ತು. ಜನ ಎದ್ದು ಕುಣಿಯುತ್ತಿದ್ದರು. ಶೆರಿಲ್ ನನ್ನ ಕೈ ಹಿಡಿದುಕೊಂಡಿದ್ದಳು.

ಕೊನೆಗೆ ಅವರ ಅತಿ ಪ್ರಸಿದ್ಧ ಹಾಡು ಬಂತು, ಬಸ್ ನಿಲ್ದಾಣದಲ್ಲಿ ಯಾರಿಗೋ ಕಾಯುವ ಹೆಂಗಸಿನ ಬಗೆಗಿನ ಮಲಯ್ ಹಾಡು. ಅದರ ಕೊನೆಯಲ್ಲಿ ದೀರ್ಘವಾದ ಒಂದು ಮೇಲುಸ್ವರವಿದೆ. ದಶಕಗಳಿಂದ ಆ ಜಾಗದಲ್ಲಿ ಸ್ಯಾಕ್ಸೊಫೋನ್ ನುಡಿಯುತ್ತಿತ್ತು. ಅಂದು ಲ್ಯಾನ್ಸಿ ವಾದ್ಯವನ್ನು ಬಾಯಿಂದ ಇಳಿಸಿ ಹೆಂಡತಿಯ ಕಡೆ ಕೈ ಚಾಚಿದರು. ಮೊದಲ ರೆಕಾರ್ಡಿನಲ್ಲಿದ್ದಂತೆ ಹಾಡು ಎಂಬ ಸನ್ನೆ. ಸಭೆ ಹುಯ್ಯೆಂದಿತು. ಫ್ಲೋರಾ ಹಾಡಿದರು. ಸ್ವರ ಏರಿತು, ನಿಂತಿತು, ನಂತರ ಒಮ್ಮೆಲೇ ಎರಡಾಗಿ ಸೀಳಿತು. ಒರಟಾದ ಎರಡು ಶ್ರುತಿಗಳು ಒಟ್ಟಿಗೆ ಕೇಳಿದವು. ಆಮೇಲೆ ಬರೀ ಗಾಳಿ.

ಧ್ವನಿಪಟಲದಲ್ಲಿ ರಕ್ತನಾಳ ಒಡೆದಾಗ ಸಾಮಾನ್ಯವಾಗಿ ನೋವಾಗುವುದಿಲ್ಲ. ಆಕೆ ಮೈಕ್ ಹಿಡಿದು, ಬಾಯಿ ತೆರೆದು, ಬಾರದ ಧ್ವನಿಗಾಗಿ ಕಾಯುತ್ತಾ ನಿಂತಿದ್ದರು. ಕಣ್ಣಲ್ಲಿ ಗಾಬರಿ. ಸಭೆಗೆ ಅದು ಭಾವೋದ್ವೇಗವಾಗಿ ಕಂಡಿತು. ಎಲ್ಲರೂ ಎದ್ದು ನಿಂತರು, ಅತ್ತರು, ಫೋನುಗಳನ್ನು ಎತ್ತಿ ಹಿಡಿದರು. ಲ್ಯಾನ್ಸಿ ಸ್ಯಾಕ್ಸೊಫೋನನ್ನು ತುಟಿಗಿಟ್ಟು, ಸ್ವರ ಎಲ್ಲಿ ಬಿದ್ದಿತ್ತೋ ಅಲ್ಲಿಂದಲೇ ಎತ್ತಿಕೊಂಡು ಹಾಡನ್ನು ಮುಗಿಸಿದರು. ಅವರ ಉಸಿರು ಒಂದಿಷ್ಟೂ ಅಲುಗಲಿಲ್ಲ.

ವೇದಿಕೆಯ ಹಿಂದಿನ ಕೋಣೆಗೆ ನಾವು ತಲುಪಿದಾಗ ಫ್ಲೋರಾ ಕಾಗದದ ಲೋಟ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲೇ ಗಿರೀಶ್, ಆಸ್ಪತ್ರೆಯ ಪ್ರಚಾರ ವಿಭಾಗದವರು, ಹೂಗುಚ್ಛಗಳು, ನಗು. ಮಾತಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆ ತಲೆಯಾಡಿಸಿದರು. ಲ್ಯಾನ್ಸಿ ಬಂದು ನನ್ನ ಕೈ ಕುಲುಕಿ, "ಜನ ಅತ್ತದ್ದು ನೋಡಿದ್ರಾ ಡಾಕ್ಟ್ರೆ?" ಎಂದರು. ಅವರ ಕೈಯಿಂದ ನನ್ನ ಕೈಯನ್ನು ಬಿಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಕ್ಯಾಮೆರಾ ಇಳಿಸಿದಾಗ ಎರಡೂ ಪಟಲಗಳು ಕಪ್ಪುಗೆಂಪಾಗಿದ್ದವು. ಎಡಗಡೆ ರಕ್ತ ಹೆಪ್ಪುಗಟ್ಟಿ ಉಬ್ಬಿತ್ತು. ವಾರಗಳ ಮೌನದ ನಂತರವೂ ಅದು ಗಂಟಾಗಿ ಉಳಿದದ್ದರಿಂದ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಸೂಕ್ಷ್ಮದರ್ಶಕದ ಕೆಳಗೆ ಗಂಟನ್ನು ತೆಗೆದೆ. ಕಲೆಗಳನ್ನು ತೆಗೆಯಲು ಯಾರಿಂದಲೂ ಸಾಧ್ಯವಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಫ್ಲೋರಾ ಪುಚೊಂಗ್‌ನ ಮನೆಗೆ ಹೋಗದೆ ಮಗಳ ಜೊತೆ ಬಯಾನ್ ಲೆಪಾಸ್‌ಗೆ ಹೋದರು.

ಕೆಲವು ತಿಂಗಳ ನಂತರ ಲೈವ್ ಆಲ್ಬಮ್ ಹೊರಬಂತು. ಶೆರಿಲ್ ಕೊಂಡಿ ಕಳಿಸಿದಳು, ಜೊತೆಗೆ ಒಂದು ಮಾತನ್ನೂ ಬರೆಯದೆ. ಕೊನೆಯ ಹಾಡು ಕೇಳಿದೆ. ಧ್ವನಿ ಸೀಳುವ ಜಾಗದಲ್ಲಿ ಬೇಸ್ ಮತ್ತು ಡ್ರಮ್ಮುಗಳನ್ನು ತಗ್ಗಿಸಿ, ಚಪ್ಪಾಳೆಯನ್ನು ಹಿಂದಕ್ಕೆ ಸರಿಸಿ, ಆಕೆಯ ಒಡೆದ ಉಸಿರನ್ನು ಮುಂದಕ್ಕೆ ತಂದಿದ್ದರು. ಹಳೆಯ ಆಲ್ಬಮ್ಮುಗಳಲ್ಲಿ ಬಿರುಕು ಮುಚ್ಚಲು ದುಡಿದ ಅದೇ ಜಾಣತನ ಇಲ್ಲಿ ಬಿರುಕನ್ನೇ ಹೊಳಪು ಕೊಟ್ಟು ಅಂಗಡಿಗಿಟ್ಟಿತ್ತು. ಪರಿಚಯದ ಸಾಲುಗಳಲ್ಲಿ ಐವತ್ತು ವರ್ಷಗಳ ಪ್ರೀತಿ ಉಕ್ಕಿ ಬಂದ ಗಳಿಗೆ ಎಂದು ಬರೆದಿತ್ತು. ಅದು ಜನಪ್ರಿಯವಾಯಿತು. ರೇಡಿಯೊದಲ್ಲಿ ಬಂತು. ಒಂದು ದಿನ ಆಸ್ಪತ್ರೆಯ ಮುಂದೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ರೋಟಿ ಚನಾಯ್ ಎಂಬ ಪರೋಟವನ್ನು ಮನೆಗೊಯ್ಯಲು ಕಟ್ಟಿಸುತ್ತಾ ನಿಂತಿದ್ದಾಗ ಸ್ಪೀಕರಿನಲ್ಲಿ ಅದೇ ಹಾಡು. ಕಟ್ಟುತ್ತಿದ್ದವನು ಆ ಸೀಳುವ ಜಾಗಕ್ಕಾಗಿ ಕೈ ನಿಲ್ಲಿಸಿ ಕಾದ. ಆತನ ತಪ್ಪೇನೂ ಇಲ್ಲ. ನಾನು ಪೊಟ್ಟಣ ತೆಗೆದುಕೊಳ್ಳದೆ ಹೊರಟುಬಂದೆ. ಒಂದು ರಕ್ತಸ್ರಾವಕ್ಕೆ ಜನ ಕಿವಿಗೊಟ್ಟು ಸುಖಿಸುತ್ತಿದ್ದರು, ಅದು ರಕ್ತಸ್ರಾವವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ದೂರಿನ ವಿಚಾರಣೆ ನಡೆದು, ಒಪ್ಪಿಗೆ ಪಡೆದೇ ಚಿಕಿತ್ಸೆ ನೀಡಲಾಗಿದೆ ಎಂದು ಮುಗಿಯಿತು. ಮರುವರ್ಷ ಗಿರೀಶ್‌ಗೆ ಬಡ್ತಿ ಸಿಕ್ಕಿತು. ಆಸ್ಪತ್ರೆಯ ಪ್ರಚಾರದ ವಿಡಿಯೊದಲ್ಲಿ ಆ ಹಾಡಿನ ಜೊತೆ ನಾನೂ ಎರಡು ಮಾತಾಡಬೇಕು ಎಂದು ಆಡಳಿತದವರು ಕೇಳಿದರು. ಆಗುವುದಿಲ್ಲ ಎಂದೆ. ಕರಾರು ಮುಗಿದಾಗ ನವೀಕರಿಸಲು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ಆದರೆ ಪೆನಾಂಗ್‌ನಲ್ಲಿ ಬೇರೊಂದು ನಡೆದಿತ್ತು. ಆ ಹಾಡನ್ನು ಆಲ್ಬಮ್ಮಿನಿಂದ ತೆಗೆಯಿರಿ ಎಂದು ಫ್ಲೋರಾ ಗಂಡನಿಗೆ ಮಗಳ ಮೂಲಕ ಹೇಳಿಸಿದರು. ಲ್ಯಾನ್ಸಿ ಒಪ್ಪಲಿಲ್ಲ. ಆಗ ಶೆರಿಲ್ ವಕೀಲರನ್ನು ಹಿಡಿದಳು. ಹಾಡಿದವರಿಗೆ ತಮ್ಮ ಹಾಡಿನ ಮೇಲೆ ಒಂದಿಷ್ಟು ಹಕ್ಕು ಉಂಟು, ಆದರೆ ಅದು ಕಲೆಯಲ್ಲ, ಗಾಯ ಎಂದು ಹೇಳಬಲ್ಲವರು ಬೇಕು ಎಂದರು ವಕೀಲರು. ನಾನು ಪೆನಾಂಗ್‌ಗೆ ಹೋದೆ. ರೆಕಾರ್ಡ್ ಕಂಪನಿಯವರ ಎದುರು ಹಾಡನ್ನು ನುಡಿಸಿ, ಸೀಳುವ ಜಾಗದಲ್ಲಿ ನಿಲ್ಲಿಸಿ, ಮರುದಿನ ಬೆಳಿಗ್ಗೆ ನಾನು ತೆಗೆದ ವಿಡಿಯೊವನ್ನು ತೆರೆಯ ಮೇಲೆ ಹಾಕಿದೆ. ನೀವು ಮಾರುತ್ತಿರುವುದು ಇದನ್ನು ಎಂದೆ. ಕಂಪನಿಯ ಯುವತಿಯೊಬ್ಬಳು ಮುಖ ತಿರುಗಿಸಿಕೊಂಡಳು. ಹಾಡನ್ನು ಹಿಂತೆಗೆದುಕೊಂಡರು. ಪ್ರೇಕ್ಷಕರ ಫೋನುಗಳಲ್ಲಿದ್ದ ವಿಡಿಯೊಗಳು ಈಗಲೂ ಅಂತರ್ಜಾಲದಲ್ಲಿ ಓಡಾಡುತ್ತಿವೆ. ಅವನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ.

ಸಭೆ ಮುಗಿದು ಹೊರಬಂದಾಗ ಲ್ಯಾನ್ಸಿ ಮೊಗಸಾಲೆಯಲ್ಲಿ ನಿಂತಿದ್ದರು. "ಅವಳು ಹಾಡಿದ್ದರಲ್ಲೆಲ್ಲ ಅದೇ ಬೆಸ್ಟ್. ನಿಮ್ಗೆ ಸಂಗೀತ ಗೊತ್ತಿಲ್ಲ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಅದು ನಾಟಕವಲ್ಲ. ಆ ಮನುಷ್ಯ ತನ್ನ ಮಾತನ್ನು ಮನಸಾರೆ ನಂಬಿದ್ದರು. ಮೋಸಗಾರನಾಗಿದ್ದರೆ ನನಗೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ. ನಾನು ಮೆಟ್ಟಿಲಿಳಿದೆ.

ಈಗ ನಾನು ವಾರದಲ್ಲಿ ಕೆಲವು ದಿನ ಬೇರೊಂದು ಕಡೆ ರೋಗಿಗಳನ್ನು ನೋಡುತ್ತೇನೆ. ಕಿರಿಯ ವೈದ್ಯರಿಗೆ ನಾನು ಹೇಳುವುದು ಇಷ್ಟು: ಗಂಟಲಿನ ರೋಗಿ ಬಂದಾಗ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಕೋಣೆಯಲ್ಲಿ ಮಾತಾಡುತ್ತಿರುವವರು ಯಾರು ಎಂದು ನೋಡಿ. ರೋಗಿಯ ಪರವಾಗಿ ಇನ್ನೊಬ್ಬರು ಬಾಯಿ ತೆರೆದರೆ ಅವರನ್ನು ಹೊರಗೆ ಕಳಿಸಿ. ಸಹಿ ಸಿಕ್ಕಿತು ಎಂದರೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಪಠ್ಯಪುಸ್ತಕದಲ್ಲಿಯೂ ಇದು ಇದೆ. ಅದು ನನ್ನ ಮನಸ್ಸಿಗೆ ಇಳಿದದ್ದು ಈ ಪ್ರಕರಣದಲ್ಲಿ.

ಕಳೆದ ಸಲ ಫ್ಲೋರಾ ತಪಾಸಣೆಗೆ ಬಂದಾಗ ಒಬ್ಬರೇ ಬಂದಿದ್ದರು, ಪೆನಾಂಗ್‌ನಿಂದ ಬಸ್ಸಿನಲ್ಲಿ. ಮಾತಾಡುವ ಧ್ವನಿ ತಗ್ಗಿ, ಒರಟಾಗಿ, ಆದರೆ ಸ್ಥಿರವಾಗಿದೆ. ಮಗಳ ಮನೆಯ ಹತ್ತಿರದ ಮಾರುಕಟ್ಟೆಯಲ್ಲಿ ತಮಿಳು ಹೆಂಗಸರ ಜೊತೆ ಚೌಕಾಶಿ ಮಾಡುವಷ್ಟು ಗಟ್ಟಿ ಉಂಟು ಎಂದು ನಕ್ಕರು. ಕ್ಯಾಮೆರಾ ಇಳಿಸಿ ನೋಡಿದೆ. ಕೆಂಪು ಇರಲಿಲ್ಲ. ಪರೀಕ್ಷೆಯ ಕೊನೆಯ ಹಂತದಲ್ಲಿ ಧ್ವನಿಯನ್ನು ಕೆಳಗಿನಿಂದ ಮೇಲಕ್ಕೆ, ಸಾಧ್ಯವಾದಷ್ಟು ಎತ್ತರಕ್ಕೆ ಒಯ್ಯಲು ಹೇಳಬೇಕು. ಅಭ್ಯಾಸಬಲದಿಂದ ಹೇಳಿದೆ.

"ಬೇಡ ಡಾಕ್ಟ್ರೆ," ಎಂದರು ಫ್ಲೋರಾ. ಕಾರಣ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ನಾನು ಯಂತ್ರವನ್ನು ಆರಿಸಿ, ಅವರಿಗೆ ಕುರ್ಚಿಯಿಂದ ಇಳಿಯಲು ಕೈ ಕೊಟ್ಟೆ.